ಹೊಟ್ಟೆಯಲ್ಲಿ ಹುಳು, ಮನೆಯಲ್ಲಿ ಪ್ರಾಣಿ: ಯಾರಿಂದ ಯಾರಿಗೆ ಬಂತು ಅಂತ ಪತ್ತೆ ಮಾಡುವುದು ಹೇಗೆ?

ಮಲದಲ್ಲಿ ಬೆಳ್ಳಗೆ ಏನೋ ಕಂಡಿತು, ಬೇಧಿ ನಿಲ್ಲುತ್ತಿಲ್ಲ, ಮಗು ರಾತ್ರಿಯೆಲ್ಲ ಕೆರೆದುಕೊಳ್ಳುತ್ತದೆ. ಇಷ್ಟಾದರೆ ಸಾಕು, ಮನೆಯಲ್ಲಿ ಎರಡು ಮಾತು ಕೇಳಿಬರುತ್ತವೆ. "ಆ ನಾಯಿಯಿಂದಲೇ ಬಂದಿದ್ದು" ಅನ್ನುವುದು ಒಂದು. "ಒಂದು ಜಂತುಹುಳದ ಮಾತ್ರೆ ತಗೊಂಡ್ರೆ ಆಯ್ತು" ಅನ್ನುವುದು ಇನ್ನೊಂದು. ಎರಡೂ ಕೆಲವು ಸಲ ನಿಜ, ಎಷ್ಟೋ ಸಲ ಸುಳ್ಳು.

ಪ್ರಾಣಿಗಳಿಗೂ ನಮಗೂ ಬರುವ ಕರುಳಿನ ಪರಾವಲಂಬಿಗಳು ಒಂದೆರಡಲ್ಲ. ಒಂದು ಚಿಗಟದಿಂದ ಬರುತ್ತದೆ, ಒಂದು ಮಣ್ಣಿನಿಂದ, ಒಂದು ನೀರಿನಿಂದ, ಒಂದು ಬೇಯದ ಮಾಂಸದಿಂದ. ಕೆಲವು ಬರಿಗಣ್ಣಿಗೆ ಕಾಣುವ ಹುಳುಗಳು. ಕೆಲವು ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಏಕಕೋಶ ಜೀವಿಗಳು. ಒಂದಕ್ಕೆ ಹಿಡಿಸುವ ಔಷಧಿ ಇನ್ನೊಂದಕ್ಕೆ ತಾಗುವುದೇ ಇಲ್ಲ. ಹಾಗಾಗಿ ಮೊದಲ ಕೆಲಸ ಮಾತ್ರೆ ನುಂಗುವುದಲ್ಲ, ಯಾವುದು ಅಂತ ಗೊತ್ತುಮಾಡಿಕೊಳ್ಳುವುದು. ಅದಕ್ಕೆ ಬೇಕಾದ ಅರ್ಧ ಸುಳಿವು ಮನೆಯಲ್ಲೇ ಸಿಗುತ್ತದೆ.

ಇವುಗಳಲ್ಲಿ ಒಂದು ಕಂಡರೂ ಓದುವುದು ನಿಲ್ಲಿಸಿ, ವೈದ್ಯರ ಹತ್ತಿರ ಹೋಗಿ

ಬೇಧಿಯ ಜೊತೆ ರಕ್ತ ಅಥವಾ ಜೋರು ಜ್ವರ. ಬಾಯಿ ಒಣಗಿ, ಮೂತ್ರ ಕಡಿಮೆಯಾಗಿ, ಮಗು ಮಂಕಾಗಿ ಬಿದ್ದಿರುವುದು. ಹೊಟ್ಟೆ ಉಬ್ಬಿ ಗಟ್ಟಿಯಾಗಿ, ವಾಂತಿಯಾಗುತ್ತಾ, ಮಲವೂ ಗಾಳಿಯೂ ಹೋಗದಿರುವುದು. ಕೊನೆಯದಕ್ಕೆ ದುಂಡುಹುಳುಗಳು ಗಂಟುಕಟ್ಟಿ ಕರುಳು ಮುಚ್ಚಿರುವುದೂ ಕಾರಣವಾಗಿರಬಹುದು. ಆಗ ಮನೆಯಲ್ಲಿ ಹುಳದ ಮಾತ್ರೆ ಕೊಡುವುದು ಅಪಾಯ. ಫಿಟ್ಸ್ ಬಂದರೆ, ಒಂದು ಕಣ್ಣಿನ ದೃಷ್ಟಿ ಇದ್ದಕ್ಕಿದ್ದಂತೆ ಮಂಜಾದರೆ ಕೂಡ ಕಾಯಬೇಡಿ.

ಗರ್ಭಿಣಿಯರು, ಹಸುಗೂಸುಗಳು, ಎಚ್‌ಐವಿ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಅಂಗ ಕಸಿ ಆದವರು, ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಸಣ್ಣ ಲಕ್ಷಣಕ್ಕೂ ವೈದ್ಯರನ್ನು ಕಾಣಬೇಕು.

ಖರ್ಚಿಲ್ಲದ ಮೊದಲ ತಪಾಸಣೆ

ಒಂದು ಹಾಳೆ ತಗೊಂಡು ಕೂತುಕೊಳ್ಳಿ. ಲಕ್ಷಣ ಯಾವತ್ತು ಶುರುವಾಯಿತು? ಮನೆಯಲ್ಲಿ ಇನ್ಯಾರಿಗೆ ಇದೆ? ಪ್ರಾಣಿಗೂ ಬೇಧಿ ಇದೆಯಾ, ಇದ್ದರೆ ಯಾರಿಗೆ ಮೊದಲು ಬಂತು? ಕಳೆದ ಎರಡು ಮೂರು ತಿಂಗಳಲ್ಲಿ ಹೊಸ ನಾಯಿಮರಿ, ಬೆಕ್ಕಿನ ಮರಿ ಅಥವಾ ಎಳೆಗರು ಬಂದಿದೆಯಾ? ಪ್ರಾಣಿಗೆ ಚಿಗಟ ಇದೆಯಾ? ಕುದಿಸದ ಹೊಳೆ, ಕೆರೆ, ಬಾವಿ ನೀರು ಕುಡಿದಿದ್ದೀರಾ? ಬರಿಗಾಲಲ್ಲಿ ಒದ್ದೆ ಮಣ್ಣಿನ ಮೇಲೆ ಓಡಾಡಿದ್ದೀರಾ? ಅರೆಬೆಂದ ಮಾಂಸ ತಿಂದಿದ್ದೀರಾ?

ಇಲ್ಲಿ ದಿನಾಂಕಗಳೇ ಮುಖ್ಯ. ನಿನ್ನೆ ನಾಯಿ ಮುಖ ನೆಕ್ಕಿತು, ಇವತ್ತು ಬೇಧಿಯಾಯಿತು ಅನ್ನುವ ಲೆಕ್ಕ ಪರಾವಲಂಬಿಗಳಿಗೆ ಹೊಂದುವುದಿಲ್ಲ. ಬೇಧಿ ತರುವ ಏಕಕೋಶ ಜೀವಿ ಜಿಯಾರ್ಡಿಯಾ ಒಳಗೆ ಹೋದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ ಒಂದೆರಡು ವಾರ ಬೇಕು. ಅಂಥದ್ದೇ ಇನ್ನೊಂದು ಜೀವಿ ಕ್ರಿಪ್ಟೊಸ್ಪೊರಿಡಿಯಂಗೆ ಸುಮಾರು ಒಂದು ವಾರ. ದುಂಡುಹುಳು ಮೊಟ್ಟೆಯಿಂದ ಬೆಳೆದು ತಾನೇ ಮೊಟ್ಟೆ ಇಡಲು ಎರಡು ಮೂರು ತಿಂಗಳು. ಒಂದೇ ದಿನದಲ್ಲಿ ಬಂದು ಒಂದೇ ದಿನದಲ್ಲಿ ಹೋದ ಬೇಧಿಗೆ ಬೇರೆ ಕಾರಣ ಹುಡುಕಿ.

ಲಕ್ಷಣ: ಮಲದಲ್ಲಿ ಅಥವಾ ಒಳಉಡುಪಿನಲ್ಲಿ ಹುಳು ಕಂಡಿದೆ

ಮೊದಲು ಅದು ಹುಳುವೇ ಹೌದಾ ನೋಡಿ. ತರಕಾರಿಯ ನಾರು, ಹಣ್ಣಿನ ಸಿಪ್ಪೆ, ಲೋಳೆ ಎಲ್ಲ ಹುಳುವಿನ ಹಾಗೇ ಕಾಣುತ್ತವೆ. ಕೈಗವಸು ಹಾಕಿ, ಕಡ್ಡಿಯಿಂದ ಎತ್ತಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ನಂತರ ಮುಚ್ಚಳ ಇರುವ ಡಬ್ಬಿಯಲ್ಲಿ ಹಾಕಿಡಿ. ಹುಳು ಸಿಕ್ಕಿದ ತಕ್ಷಣ ಫ್ಲಶ್ ಮಾಡಿಬಿಡುವುದು ಎಲ್ಲರಿಗೂ ಬರುವ ಆತುರ, ಆದರೆ ಇಡೀ ಪತ್ತೆ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ.

ಅಕ್ಕಿಕಾಳು ಅಥವಾ ಸೌತೆಬೀಜದಷ್ಟು ಉದ್ದ, ಹೊಸದಾಗಿದ್ದಾಗ ಮೆಲ್ಲಗೆ ಅಲುಗಾಡುತ್ತದೆ, ಒಣಗಿದರೆ ಹಳದಿ ಬಣ್ಣಕ್ಕೆ ತಿರುಗುತ್ತದೆ ಅಂದರೆ ಚಿಗಟದಿಂದ ಬರುವ ಲಾಡಿಹುಳು, ಡಿಪಿಲಿಡಿಯಂ, ಇರಬಹುದು. ನಾಯಿ, ಬೆಕ್ಕಿನ ಬಾಲದ ಕೆಳಗೆ, ಅವು ಮಲಗುವ ಜಾಗದಲ್ಲಿ ಇದು ಜಾಸ್ತಿ ಕಾಣುತ್ತದೆ. ಮನುಷ್ಯರಲ್ಲಿ ಅಪರೂಪ, ಬಂದರೆ ಹೆಚ್ಚಾಗಿ ಪುಟ್ಟ ಮಕ್ಕಳಿಗೆ. ಪ್ರಾಣಿಯ ಮಲ ತಾಗಿ ಇದು ಬರುವುದಿಲ್ಲ. ಸೋಂಕಿರುವ ಚಿಗಟವೇ ಬಾಯಿಗೆ ಹೋಗಬೇಕು. ಆದ್ದರಿಂದ ಲಾಡಿಹುಳಕ್ಕೆ ಔಷಧಿ ಕೊಟ್ಟು ಚಿಗಟವನ್ನು ಹಾಗೇ ಬಿಟ್ಟರೆ, ಸ್ವಲ್ಪ ದಿನದಲ್ಲಿ ಮತ್ತೆ ಅದೇ ಕಥೆ.

ಚಪ್ಪಟೆಯಾದ, ಒಂದೆರಡು ಸೆಂಟಿಮೀಟರ್ ಉದ್ದದ ಬಿಳಿ ತುಂಡುಗಳು, ಅಥವಾ ರಿಬ್ಬನ್ ಥರ ಉದ್ದದ ಪಟ್ಟಿ ಹೊರಬಿದ್ದರೆ ಅದು ಮಾಂಸದಿಂದ ಬರುವ ಲಾಡಿಹುಳು. ದನದ ಮಾಂಸದಿಂದ ಬರುವುದು ಒಂದು, ಹಂದಿ ಮಾಂಸದಿಂದ ಬರುವುದು ಇನ್ನೊಂದು. ಬರಿಗಣ್ಣಿಗೆ ಎರಡೂ ಒಂದೇ ಥರ. ಅಪಾಯ ಮಾತ್ರ ಒಂದೇ ಅಲ್ಲ. ಹಂದಿಯ ಲಾಡಿಹುಳು ಹೊಟ್ಟೆಯಲ್ಲಿರುವವರ ಮಲದಲ್ಲಿ ಮೊಟ್ಟೆಗಳಿರುತ್ತವೆ. ಆ ಮೊಟ್ಟೆ ಅವರದೇ ಬಾಯಿಗೋ ಮನೆಯವರ ಬಾಯಿಗೋ ಹೋದರೆ ಮರಿಹುಳು ಮೆದುಳಿನಲ್ಲಿ ಗುಳ್ಳೆ ಕಟ್ಟಿ ಫಿಟ್ಸ್ ತರಬಹುದು. ಹಂದಿ ಮಾಂಸವನ್ನೇ ಮುಟ್ಟದವರಿಗೂ ಈ ಕಾಯಿಲೆ ಬರುವುದು ಹೀಗೆ. ಇಂಥ ತುಂಡು ಕಂಡವರು ಮಾತ್ರೆ ಅಂಗಡಿಗಲ್ಲ, ವೈದ್ಯರ ಹತ್ತಿರ ಹೋಗಬೇಕು. ತಲೆನೋವು, ಫಿಟ್ಸ್ ಇದ್ದರೆ ಮರೆಯದೆ ಹೇಳಬೇಕು. ಯಾಕಂದ್ರೆ ಹುಳದ ಮಾತ್ರೆಗಳಾದ ಪ್ರಾಜಿಕ್ವಾಂಟೆಲ್, ಆಲ್ಬೆಂಡಜೋಲ್ ಎರಡೂ ಮೆದುಳಿನಲ್ಲಿರುವ ಗುಳ್ಳೆಗಳನ್ನು ಕೆರಳಿಸಬಲ್ಲವು.

ಎರೆಹುಳು ಥರ ದುಂಡಗೆ, 15ರಿಂದ 35 ಸೆಂಟಿಮೀಟರ್ ಉದ್ದ, ಮಾಸಲು ಗುಲಾಬಿ ಬಣ್ಣ ಇದ್ದರೆ ದುಂಡುಹುಳು. ಜಂತುಹುಳು ಅಂದಾಗ ಬಹುತೇಕರಿಗೆ ನೆನಪಾಗುವುದು ಇದೇ. ಹೆಚ್ಚಾಗಿ ಮನುಷ್ಯರ ಮಲ ಬೆರೆತ ಮಣ್ಣಿನಿಂದ ಬರುತ್ತದೆ. ಹಂದಿ ಸಾಕುವ ಕಡೆ ಹಂದಿಯಿಂದಲೂ ಬರುವುದುಂಟು. ನಾಯಿಯ ದುಂಡುಹುಳು ಬೇರೆ. ಅದರ ವಿಷಯ ಕೆಳಗಿದೆ.

ಲಕ್ಷಣ: ರಾತ್ರಿ ಗುದದ್ವಾರದ ಸುತ್ತ ತುರಿಕೆ

ಇದರಲ್ಲಿ ನಾಯಿ, ಬೆಕ್ಕು ನಿರಪರಾಧಿಗಳು. ಬಿಳಿ ದಾರದ ಎಳೆಯಂಥ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಪಿನ್‌ವರ್ಮ್ ಇದಕ್ಕೆ ಸಾಮಾನ್ಯ ಕಾರಣ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವ ಹುಳು. ಸಾಕುಪ್ರಾಣಿಗಳಿಗೆ ಇದು ಅಂಟುವುದಿಲ್ಲ, ಅವುಗಳಿಂದ ನಮಗೂ ಬರುವುದಿಲ್ಲ.

ಪರೀಕ್ಷೆ ಸುಲಭ. ಬೆಳಿಗ್ಗೆ ಎದ್ದ ಕೂಡಲೇ, ಶೌಚಕ್ಕೆ ಹೋಗುವ ಮೊದಲು, ಸ್ನಾನಕ್ಕೂ ಮೊದಲು, ಪಾರದರ್ಶಕ ಅಂಟುಟೇಪನ್ನು ಗುದದ್ವಾರದ ಪಕ್ಕದ ಚರ್ಮಕ್ಕೆ ಒತ್ತಿ ತೆಗೆಯಿರಿ. ಗಾಜಿನ ಸ್ಲೈಡಿಗೆ ಅಂಟಿಸಿ ಲ್ಯಾಬಿಗೆ ಕೊಡಿ. ಮೂರು ಬೆಳಿಗ್ಗೆ ಹೀಗೆ ಮಾಡಿದರೆ ಸಿಗುವ ಸಾಧ್ಯತೆ ಜಾಸ್ತಿ. ಮಾಮೂಲಿ ಮಲ ಪರೀಕ್ಷೆಯಲ್ಲಿ ಇದು ತಪ್ಪಿಹೋಗುತ್ತದೆ, ಏಕೆಂದರೆ ಹುಳು ಮೊಟ್ಟೆ ಇಡುವುದು ಹೊರಗಿನ ಚರ್ಮದ ಮೇಲೆ. ಮಾತ್ರೆಯನ್ನು ಮನೆಮಂದಿಯೆಲ್ಲ ಒಟ್ಟಿಗೆ ತೆಗೆದುಕೊಂಡು, ಎರಡು ವಾರ ಬಿಟ್ಟು ಇನ್ನೊಮ್ಮೆ ತೆಗೆದುಕೊಳ್ಳುವುದು ರೂಢಿ. ಉಗುರು ಕತ್ತರಿಸಿ, ಹಾಸಿಗೆ ಬಟ್ಟೆ ಒಗೆಯಿರಿ. ಅಷ್ಟೇ.

ಲಕ್ಷಣ: ಬೇಧಿ ವಾರ ಕಳೆದರೂ ನಿಲ್ಲುತ್ತಿಲ್ಲ

ಮೊದಲ ದಿನದಿಂದಲೇ ಮಾಡಬೇಕಾದ್ದು ಓಆರ್‌ಎಸ್ ಕುಡಿಯುವುದು. ಕಾರಣ ಯಾವುದೇ ಇರಲಿ, ಇದು ತಪ್ಪಿಸಬಾರದು. ರಕ್ತ ಅಥವಾ ಜ್ವರ ಇದ್ದಾಗ ಬೇಧಿ ಕಟ್ಟುವ ಮಾತ್ರೆ ಬೇಡ.

ಆಮೇಲೆ ಮಲದ ಸ್ವರೂಪ ನೋಡಿ. ಕೆಟ್ಟ ವಾಸನೆ, ಎಣ್ಣೆಯ ಜಿಡ್ಡು, ನೀರಿನ ಮೇಲೆ ತೇಲುವುದು, ಜೊತೆಗೆ ಹೊಟ್ಟೆ ಉಬ್ಬರ, ಗಾಳಿ, ತೂಕ ಇಳಿಯುವುದು, ಜ್ವರ ಮಾತ್ರ ಇಲ್ಲ ಅಂದರೆ ಜಿಯಾರ್ಡಿಯಾ ಕಡೆಗೆ ಬೊಟ್ಟು. ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಕೊಬ್ಬು ಹೀರಿಕೊಳ್ಳದ ಹಾಗೆ ಮಾಡುತ್ತದೆ, ಅದಕ್ಕೇ ಆ ಜಿಡ್ಡು. ಮಲದಲ್ಲಿ ಹೊರಬರುವ ಅದರ ಗಟ್ಟಿ ಚಿಪ್ಪಿನ ಕೋಶಗಳಲ್ಲಿ ಹತ್ತು ಬಾಯಿಗೆ ಹೋದರೂ ಸೋಂಕು ತಗಲಲು ಸಾಕು.

ಇಲ್ಲೊಂದು ತಿರುವು ಇದೆ. ನಿಮಗೂ ಜಿಯಾರ್ಡಿಯಾ, ನಾಯಿಗೂ ಜಿಯಾರ್ಡಿಯಾ ಅಂತ ವರದಿ ಬಂದರೂ ನಾಯಿಯೇ ಕೊಟ್ಟಿತು ಅಂತ ಹೇಳಲಾಗದು. ಜಿಯಾರ್ಡಿಯಾದಲ್ಲಿ ಹಲವು ಬಗೆಗಳಿವೆ. ಎ ಮತ್ತು ಬಿ ಮನುಷ್ಯರಿಗೆ ಬರುತ್ತವೆ, ಪ್ರಾಣಿಗಳಲ್ಲೂ ಇರುತ್ತವೆ. ಸಿ ಮತ್ತು ಡಿ ಹೆಚ್ಚಾಗಿ ನಾಯಿಗಳವು. ಮಾಮೂಲಿ ಪರೀಕ್ಷೆ ಬಗೆ ಹೇಳುವುದಿಲ್ಲ. ಇಬ್ಬರೂ ಒಂದೇ ನೀರು ಕುಡಿದಿರುವ ಸಾಧ್ಯತೆಯೂ ಅಷ್ಟೇ ಇರುತ್ತದೆ, ಅಲ್ವಾ? ಹಾಗಾಗಿ ಮೊದಲು ನೀರು ಕುದಿಸಿ, ಆಮೇಲೆ ನಾಯಿಯನ್ನು ಬೈಯಿರಿ.

ನೀರು ನೀರಾದ ಬೇಧಿ, ಹೊಟ್ಟೆ ಹಿಂಡುವ ನೋವು, ಒಂದೆರಡು ದಿನ ಕಡಿಮೆಯಾಗಿ ಮತ್ತೆ ಶುರುವಾಗುವುದು, ಮತ್ತು ಕೊಟ್ಟಿಗೆಯಲ್ಲಿ ಬೇಧಿಯಾಗುತ್ತಿರುವ ಎಳೆಗರು ಇದೆ ಅಂದರೆ ಕ್ರಿಪ್ಟೊಸ್ಪೊರಿಡಿಯಂ ನೆನಪಿಸಿಕೊಳ್ಳಿ. ಒಂದು ತಿಂಗಳೂ ತುಂಬದ ಕರುಗಳಲ್ಲಿ ಇದು ಸಾಮಾನ್ಯ. ಕರು ನೋಡಿಕೊಳ್ಳುವವರಿಗೆ ನೇರವಾಗಿ ಅಂಟುತ್ತದೆ. ಆರೋಗ್ಯವಂತರಿಗೆ ಒಂದೆರಡು ವಾರದಲ್ಲಿ ತಾನಾಗಿಯೇ ಹೋಗುತ್ತದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಪ್ರಾಣಕ್ಕೇ ಬರಬಹುದು.

ಇದರ ಹಟಮಾರಿತನ ಬೇರೆಯದೇ. ಕ್ಲೋರಿನ್‌ಗೆ ಬಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಶುದ್ಧೀಕರಿಸಿದ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನರಿಗೆ ಬೇಧಿ ಹತ್ತಿತು. ಕ್ಲೋರಿನ್ ಹಾಕಿದ ಈಜುಕೊಳದಲ್ಲೂ ಇದು ದಿನಗಟ್ಟಲೆ ಬದುಕಿರುತ್ತದೆ. ಆಲ್ಕೋಹಾಲ್ ಸ್ಯಾನಿಟೈಸರ್ ಇದನ್ನು ಕೊಲ್ಲುವುದಿಲ್ಲ. ಕೈಯನ್ನು ಸೋಪು, ನೀರಿನಲ್ಲಿ ಉಜ್ಜಿ ತೊಳೆಯಲೇಬೇಕು. ಕುಡಿಯುವ ನೀರು ಒಂದು ನಿಮಿಷ ಕೊತಕೊತ ಕುದಿದರೆ ಸಾಯುತ್ತದೆ. ಬೇಧಿ ನಿಂತ ಮೇಲೂ ಎರಡು ವಾರ ಈಜುಕೊಳಕ್ಕೆ ಇಳಿಯಬೇಡಿ.

ಲ್ಯಾಬಿಗೆ ಹೋದಾಗ "ಮಲ ಪರೀಕ್ಷೆ" ಅಂತಷ್ಟೇ ಹೇಳಿದರೆ ಕ್ರಿಪ್ಟೊಸ್ಪೊರಿಡಿಯಂ ತಪ್ಪಿಹೋಗಬಹುದು. ಅದಕ್ಕೆ ಬೇರೆ ಬಣ್ಣ ಹಾಕಿ ನೋಡಬೇಕು, ಅಥವಾ ಆಂಟಿಜೆನ್ ಪರೀಕ್ಷೆ ಆಗಬೇಕು. ವೈದ್ಯರು ಚೀಟಿಯಲ್ಲಿ ಹೆಸರಿಟ್ಟು ಬರೆಯಲಿ. ಕರುವಿನ ವಿಷಯವನ್ನು ಅವರಿಗೆ ಹೇಳಬೇಕಾದವರು ನೀವೇ, ಅವರಾಗಿ ಕೇಳದೇ ಇರಬಹುದು.

ಚಿಕಿತ್ಸೆ ಮುಗಿದ ಮೇಲೂ ಹಾಲು ಕುಡಿದಾಗ ಹೊಟ್ಟೆ ಉಬ್ಬುತ್ತಿದ್ದರೆ ಸೋಂಕು ಹೋಗಿಲ್ಲ ಅಂದುಕೊಂಡು ಮತ್ತೆ ಮಾತ್ರೆ ನುಂಗಬೇಡಿ. ಜಿಯಾರ್ಡಿಯಾ ಬಂದುಹೋದ ಕರುಳಿಗೆ ಕೆಲವು ವಾರ ಹಾಲಿನ ಸಕ್ಕರೆ ಜೀರ್ಣಿಸಲು ಕಷ್ಟ. ಸ್ವಲ್ಪ ದಿನ ಹಾಲು ಬಿಟ್ಟು ನೋಡಿ. ಸರಿಹೋಗದಿದ್ದರೆ ಮತ್ತೆ ಪರೀಕ್ಷೆ.

ಲಕ್ಷಣ: ಚರ್ಮದ ಮೇಲೆ ಹರಿದಾಡುವ ಕೆಂಪು ಗೆರೆ

ಪಾದ, ಕಾಲ್ಬೆರಳ ಸಂದು, ಕುಂಡೆಯ ಮೇಲೆ ಹಾವಿನ ಹಾಗೆ ಅಂಕುಡೊಂಕಾದ, ವಿಪರೀತ ತುರಿಸುವ ಗೆರೆ. ದಿನಕ್ಕೆ ಕೆಲವು ಮಿಲಿಮೀಟರಿನಿಂದ ಒಂದೆರಡು ಸೆಂಟಿಮೀಟರ್ ಮುಂದೆ ಹೋಗುತ್ತದೆ. ಇದು ನಾಯಿ, ಬೆಕ್ಕಿನ ಕೊಕ್ಕೆಹುಳದ ಮರಿ. ಅವು ಮಲ ಹಾಕಿದ ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮ ತೂರಿ ಬಂದಿರುತ್ತದೆ. ಸಾಮಾನ್ಯವಾಗಿ ಇದು ಕರುಳಿನವರೆಗೆ ಹೋಗುವುದಿಲ್ಲ. ಹಾಗಾಗಿ ಮಲ ಪರೀಕ್ಷೆ ಮಾಡಿಸಿ ಪ್ರಯೋಜನ ಇಲ್ಲ.

ಪೆನ್ನಿನಲ್ಲಿ ಗೆರೆಯ ತುದಿಗೆ ಗುರುತು ಹಾಕಿ, ಮಾರನೇ ದಿನ ನೋಡಿ. ಮುಂದೆ ಹೋಗಿದ್ದರೆ ಸಂಶಯ ಗಟ್ಟಿ. ಉಂಗುರದ ಹಾಗೆ ನಿಧಾನಕ್ಕೆ ಅಗಲವಾದರೆ ಹುಳುಕಡ್ಡಿ. ಹೆಸರಲ್ಲಿ ಹುಳು ಇದ್ದರೂ ಅದು ಶಿಲೀಂಧ್ರ. ಸೂಜಿಯಿಂದ ಕೆದಕುವುದು, ಸುಡುವುದು, ಐಸ್ ಒತ್ತುವುದು ಬೇಡವೇ ಬೇಡ. ಮರಿಹುಳು ಕಾಣುವ ಗೆರೆಯ ತುದಿಯಲ್ಲಿರುವುದಿಲ್ಲ, ಇನ್ನೂ ಮುಂದೆ ಹೋಗಿರುತ್ತದೆ. ಗಾಯ ಮಾತ್ರ ನಿಮಗೆ ಉಳಿಯುತ್ತದೆ.

ಗೆರೆ ಸೊಂಟ, ತೊಡೆ, ಕುಂಡೆಯ ಸುತ್ತ ಇದ್ದು, ಗಂಟೆಗೆ ಸೆಂಟಿಮೀಟರುಗಟ್ಟಲೆ ಓಡಿ, ಮಾಯವಾಗಿ, ತಿಂಗಳುಗಳ ನಂತರ ಮತ್ತೆ ಬಂದರೆ ಅದು ಸ್ಟ್ರಾಂಜಿಲಾಯ್ಡಿಸ್ ಇರಬಹುದು. ಮನುಷ್ಯರಲ್ಲೂ ನಾಯಿಗಳಲ್ಲೂ ಇರುವ ಈ ಸಣ್ಣ ಹುಳು ಒಳಗೊಳಗೇ ಮರಿಮಾಡಿಕೊಂಡು ದಶಕಗಟ್ಟಲೆ ಸುಮ್ನೆ ಕೂತಿರುತ್ತದೆ. ಬೇರೆ ಯಾವುದೋ ಕಾಯಿಲೆಗೆ ಸ್ಟೀರಾಯ್ಡ್ ಶುರು ಮಾಡಿದಾಗ ಮೈಯೆಲ್ಲ ಹರಡಿ ಸಾವಿಗೂ ಕಾರಣವಾಗಬಹುದು. ಇಂಥ ಗೆರೆ ಒಮ್ಮೆ ಬಂದಿದ್ದರೂ ಸ್ಟೀರಾಯ್ಡ್ ಬರೆಯುವ ವೈದ್ಯರಿಗೆ ಮೊದಲೇ ಹೇಳಿ.

ಲಕ್ಷಣ: ಸುಸ್ತು, ಬಿಳಿಚಿಕೊಂಡ ಮುಖ

ರಕ್ತಹೀನತೆಗೆ ನೂರು ಕಾರಣ. ಅದರಲ್ಲಿ ಕೊಕ್ಕೆಹುಳು ಒಂದು. ಕರುಳಿನ ಗೋಡೆ ಕಚ್ಚಿ ರಕ್ತ ಹೀರುತ್ತದೆ. ನಾಯಿ, ಬೆಕ್ಕು, ಮನುಷ್ಯ ಮೂವರ ಕರುಳಲ್ಲೂ ಬೆಳೆಯಬಲ್ಲ ಒಂದು ಜಾತಿ ಏಷ್ಯಾದಲ್ಲಿದೆ. ಹಿಮೋಗ್ಲೋಬಿನ್ ಮತ್ತು ಮಲ ಪರೀಕ್ಷೆ ಎರಡನ್ನೂ ಒಟ್ಟಿಗೆ ಮಾಡಿಸಿ. ಹುಳು ಹೋದರೂ ಕಬ್ಬಿಣದ ಅಂಶ ತಾನಾಗಿ ಬರುವುದಿಲ್ಲ, ಅದಕ್ಕೆ ಬೇರೆ ಮಾತ್ರೆ ಬೇಕು. ನಾಯಿಮರಿಯ ಒಸಡು ಬಿಳಿಚಿ, ಮಲ ಟಾರಿನಂತೆ ಕಪ್ಪಗಾದರೆ ಅವತ್ತೇ ಪಶುವೈದ್ಯರಿಗೆ ತೋರಿಸಿ. ಮರಿಗಳು ಬೇಗ ಸಾಯುತ್ತವೆ.

ಲಕ್ಷಣ: ಹೊಟ್ಟೆ ಸರಿ ಇದೆ, ಬೇರೆ ಏನೋ ಸರಿ ಇಲ್ಲ

ಮಗುವಿಗೆ ಬಿಟ್ಟುಬಿಟ್ಟು ಜ್ವರ, ಕೆಮ್ಮು, ಉಬ್ಬಸ. ರಕ್ತ ಪರೀಕ್ಷೆಯಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ಜಾಸ್ತಿ. ಮಣ್ಣು ತಿನ್ನುವ ಅಭ್ಯಾಸವೂ ಇದೆ. ಆಗ ನಾಯಿ, ಬೆಕ್ಕಿನ ದುಂಡುಹುಳು ಟೊಕ್ಸೊಕಾರಾ ನೆನಪಿಗೆ ಬರಬೇಕು. ನಮ್ಮೊಳಗೆ ಅದು ದೊಡ್ಡ ಹುಳು ಆಗುವುದಿಲ್ಲ. ಮರಿಯಾಗಿಯೇ ಲಿವರ್, ಶ್ವಾಸಕೋಶ, ಕೆಲವೊಮ್ಮೆ ಕಣ್ಣಿನೊಳಗೆ ಅಲೆಯುತ್ತದೆ. ಮಲದಲ್ಲಿ ಮೊಟ್ಟೆ ಸಿಗುವುದೇ ಇಲ್ಲ. ಪತ್ತೆಗೆ ರಕ್ತ ಪರೀಕ್ಷೆ ಬೇಕು.

ಇದರ ಮೊಟ್ಟೆ ಮಲದ ಜೊತೆ ಹೊರಬಂದ ತಕ್ಷಣ ಅಂಟುವುದಿಲ್ಲ. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಮಾಗಬೇಕು. ಆಮೇಲೆ ವರ್ಷಗಟ್ಟಲೆ ಬದುಕುತ್ತದೆ. ಅಂದರೆ ದಿನಾ ಮಲ ಎತ್ತಿ ಹಾಕುವ ಮನೆಯ ನಾಯಿಗಿಂತ ಯಾರೂ ಸ್ವಚ್ಛ ಮಾಡದ ಆಟದ ಮರಳುಗುಂಡಿ ಹೆಚ್ಚು ಅಪಾಯ.

ನಾಯಿಯಿಂದ ಬರುವ ಇನ್ನೊಂದು ಮೌನ ಕಾಯಿಲೆ ಹೈಡಾಟಿಡ್ ಗುಳ್ಳೆ. ಕುರಿ, ಮೇಕೆಗಳ ಹಸಿ ಕರುಳು, ಲಿವರ್, ಶ್ವಾಸಕೋಶ ತಿಂದ ನಾಯಿಯ ಕರುಳಲ್ಲಿ ಒಂದು ಸೆಂಟಿಮೀಟರೂ ಇಲ್ಲದ ಪುಟ್ಟ ಲಾಡಿಹುಳುಗಳು ಬೆಳೆಯುತ್ತವೆ. ಅದರ ಮೊಟ್ಟೆ ನಮ್ಮ ಬಾಯಿಗೆ ಹೋದರೆ ಲಿವರ್‌ನಲ್ಲಿ ಗುಳ್ಳೆ ವರ್ಷಾನುಗಟ್ಟಲೆ ಬೆಳೆಯುತ್ತದೆ. ಸ್ಕ್ಯಾನಿಂಗ್‌ನಲ್ಲಿ ಅಚಾನಕ್ಕಾಗಿ ಕಾಣುವುದೇ ಹೆಚ್ಚು. ಗುಳ್ಳೆ ಒಡೆದರೆ ಜೀವಕ್ಕೆ ಅಪಾಯ, ಹಾಗಾಗಿ ಹೊಟ್ಟೆ ನೀವಿಸಿಕೊಳ್ಳುವ ಪ್ರಯೋಗ ಬೇಡ. ನಾಯಿಗೆ ಹಸಿ ಅಂಗಾಂಗ ಹಾಕುವುದನ್ನು ನಿಲ್ಲಿಸಿದರೆ ಈ ಸರಪಳಿ ಕಡಿಯುತ್ತದೆ.

ಗರ್ಭಿಣಿ ಇರುವ ಮನೆಯಲ್ಲಿ ಬೆಕ್ಕನ್ನು ಹೊರಹಾಕುವವರಿಗೆ ಒಂದು ಮಾತು. ಗರ್ಭದ ಮಗುವಿಗೆ ಹಾನಿ ಮಾಡಬಲ್ಲ ಏಕಕೋಶ ಜೀವಿ ಟೊಕ್ಸೊಪ್ಲಾಸ್ಮಾವನ್ನು ಬೆಕ್ಕು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗಲಿದಾಗ, ಒಂದರಿಂದ ಮೂರು ವಾರ ಮಾತ್ರ ಹೊರಹಾಕುತ್ತದೆ. ಮಲ ಬಿದ್ದು ಕನಿಷ್ಠ ಒಂದು ದಿನವಾದರೂ ಆಗದೆ ಅದು ಅಂಟುವುದಿಲ್ಲ. ಬೇರೆಯವರು ದಿನಾ ಮಲದ ತಟ್ಟೆ ತೊಳೆದರೆ ಸಾಕು. ಅರೆಬೆಂದ ಮಾಂಸ, ತೊಳೆಯದ ತರಕಾರಿ, ಕೈಗವಸಿಲ್ಲದ ತೋಟದ ಕೆಲಸದ ಕಡೆ ಜಾಸ್ತಿ ಗಮನ ಕೊಡಿ.

ಪ್ರಾಣಿಯಲ್ಲಿ ಕಾಣುವ ಲಕ್ಷಣ

ನಾಯಿ ಕುಂಡೆ ನೆಲಕ್ಕೆ ಉಜ್ಜಿದರೆ ಹುಳು ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಾಗಿ ಅದು ಗುದದ ಪಕ್ಕದ ಗ್ರಂಥಿ ತುಂಬಿಕೊಂಡದ್ದು. ಬಾಲ ಎತ್ತಿ ಅಕ್ಕಿಕಾಳಿನಂಥದ್ದು ಇದೆಯಾ ನೋಡಿ. ಇಲ್ಲದಿದ್ದರೆ ಪಶುವೈದ್ಯರಿಗೆ ಗ್ರಂಥಿ ತೋರಿಸಿ.

ಮೈ ಸೊರಗಿ ಹೊಟ್ಟೆ ಮಾತ್ರ ಡುಬ್ಬ ಇರುವ ನಾಯಿಮರಿಗೆ ದುಂಡುಹುಳು ಇರುವುದು ಬಹುತೇಕ ಖಚಿತ. ತಾಯಿಯ ಗರ್ಭದಲ್ಲಿರುವಾಗಲೇ ಬಂದಿರುತ್ತದೆ. ಅದಕ್ಕೇ ಮರಿಗಳಿಗೆ ಎರಡನೇ ವಾರದಿಂದಲೇ ಹುಳದ ಔಷಧಿ ಶುರುಮಾಡುತ್ತಾರೆ. ದೊಡ್ಡ ನಾಯಿ ಗಟ್ಟಿಮುಟ್ಟಾಗಿ ಕಂಡರೂ ಅದರ ಮಲದಲ್ಲಿ ಹುಳದ ಮೊಟ್ಟೆ ಹೊರಬರುತ್ತಿರಬಹುದು.

ಮಲ ಪರೀಕ್ಷೆ "ಏನೂ ಇಲ್ಲ" ಅಂದರೆ

ಒಂದು ಮಾದರಿಯನ್ನು ನಂಬಬೇಡಿ. ಜಿಯಾರ್ಡಿಯಾ ಒಂದು ದಿನ ಹೊರಬರುತ್ತದೆ, ಇನ್ನೊಂದು ದಿನ ಇಲ್ಲ. ದಿನ ಬಿಟ್ಟು ದಿನ ಮೂರು ಮಾದರಿ ಕೊಡಿ. ಮೂತ್ರ, ನೀರು, ಮಣ್ಣು ಸೇರಬಾರದು. ಆಂಟಿಬಯೋಟಿಕ್ ಶುರುಮಾಡುವ ಮೊದಲೇ ಕೊಟ್ಟರೆ ಒಳ್ಳೆಯದು. ಪ್ರಾಣಿಯ ಮಲವನ್ನು ನೆಲಕ್ಕೆ ತಾಗದ ಮೇಲಿನ ಭಾಗದಿಂದ ತೆಗೆಯಿರಿ, ಇಲ್ಲದಿದ್ದರೆ ಮಣ್ಣಿನ ಹುಳುಗಳು ಸೇರಿ ಲ್ಯಾಬಿನವರ ದಾರಿ ತಪ್ಪುತ್ತದೆ. ಕಂಡಕಂಡ ಮಲ ತಿನ್ನುವ ನಾಯಿಯಾದರೆ ಅದನ್ನೂ ಹೇಳಿ. ಬೇರೆ ಪ್ರಾಣಿಯ ಮೊಟ್ಟೆಗಳು ಅದರ ಹೊಟ್ಟೆಯಲ್ಲಿ ಸುಮ್ನೆ ಹಾದುಹೋಗಿ ವರದಿಯಲ್ಲಿ ಕಾಣುತ್ತವೆ.

ಔಷಧಿ: ಕೈ ಹಾಕುವ ಮುನ್ನ

ಒಂದು ಡೋಸ್ ಆಲ್ಬೆಂಡಜೋಲ್ ದುಂಡುಹುಳಕ್ಕೆ, ಕೊಕ್ಕೆಹುಳಕ್ಕೆ ಸರಿ. ಜಿಯಾರ್ಡಿಯಾಗೆ ಒಂದು ಡೋಸ್ ಸಾಲದು, ಅದಕ್ಕೆ ಟಿನಿಡಜೋಲ್, ಮೆಟ್ರೊನಿಡಜೋಲ್‌ನಂಥವು ಬೇಕು. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್. ಸ್ಟ್ರಾಂಜಿಲಾಯ್ಡಿಸ್‌ಗೆ ಐವರ್ಮೆಕ್ಟಿನ್. ಕ್ರಿಪ್ಟೊಸ್ಪೊರಿಡಿಯಂಗೆ ಬೇಕಾದರೆ ನಿಟಾಜೋಕ್ಸನೈಡ್. ಡೋಸ್ ವೈದ್ಯರೇ ಹೇಳಲಿ. ಗರ್ಭದ ಮೊದಲ ಮೂರು ತಿಂಗಳು ಆಲ್ಬೆಂಡಜೋಲ್ ಕೂಡದು.

ದನ, ಕುದುರೆಗೆ ಕೊಡುವ ಔಷಧಿಯನ್ನು ಮನುಷ್ಯರು ತೆಗೆದುಕೊಳ್ಳಬಾರದು, ಅದರ ಸಾಂದ್ರತೆಯೇ ಬೇರೆ. ಕಾಲಿ ಜಾತಿಯಂಥ ಕೆಲವು ನಾಯಿಗಳಿಗೆ ಐವರ್ಮೆಕ್ಟಿನ್ ವಿಷ. ನಾಯಿಯ ಚಿಗಟಕ್ಕೆ ಹಾಕುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಚ್ಚಿದರೆ ಬೆಕ್ಕು ಸಾಯಬಹುದು.

ಔಷಧಿ ಆದ ಮೇಲೂ ಮತ್ತೆ ಬಂದರೆ

ಮಾತ್ರೆ ಕೆಲಸ ಮಾಡಲಿಲ್ಲ ಅನ್ನುವ ಮೊದಲು ದಾರಿ ಮುಚ್ಚಿದೆಯಾ ನೋಡಿ. ಮನುಷ್ಯರಿಗೂ ಪ್ರಾಣಿಗೂ ಚಿಕಿತ್ಸೆ ಒಂದೇ ವಾರದಲ್ಲಿ ಆಯಿತಾ? ಚಿಗಟವನ್ನು ನಾಯಿಯ ಮೈಯಿಂದ ಮಾತ್ರ ತೆಗೆದು ಅದರ ಹಾಸಿಗೆಯನ್ನು ಬಿಟ್ಟಿದ್ದೀರಾ? ಜಿಯಾರ್ಡಿಯಾ ಚಿಕಿತ್ಸೆಯ ಕೊನೆಯ ದಿನ ನಾಯಿಗೆ ಸ್ನಾನ ಮಾಡಿಸಿ ಹಿಂಭಾಗದ ಕೂದಲು ತೊಳೆದಿದ್ದೀರಾ? ಅಂಟಿಕೊಂಡ ಕೋಶಗಳನ್ನು ಅದು ನೆಕ್ಕಿ ಮತ್ತೆ ಒಳಗೆ ಹಾಕಿಕೊಳ್ಳುತ್ತದೆ. ಬೇಧಿಯಾದ ಕರುವನ್ನು ಬೇರೆ ಕಟ್ಟಿ, ಆರೋಗ್ಯವಾಗಿರುವ ಕರುಗಳ ಕೆಲಸ ಮುಗಿಸಿದ ಮೇಲೆ ಅದರ ಹತ್ತಿರ ಹೋಗುತ್ತಿದ್ದೀರಾ?

ಇಷ್ಟೆಲ್ಲ ಸರಿ ಇದ್ದು, ಎರಡು ಸಲ ಪೂರ್ತಿ ಚಿಕಿತ್ಸೆ ಆಗಿಯೂ ಲಕ್ಷಣ ಹಾಗೇ ಇದ್ದರೆ ಮೂರನೇ ಸಲ ಅದೇ ಮಾತ್ರೆ ಬೇಡ. ಔಷಧಿಗೆ ಬಗ್ಗದ ಸೋಂಕು ಇರಬಹುದು, ಅಥವಾ ಹುಳುವೇ ಅಲ್ಲದ ಕರುಳಿನ ಕಾಯಿಲೆ ಇರಬಹುದು. ನಿಮ್ಮ ವರದಿ, ಪ್ರಾಣಿಯ ವರದಿ, ದಿನಾಂಕ ಬರೆದ ಆ ಹಾಳೆ ಮೂರನ್ನೂ ಒಟ್ಟಿಗೆ ಕರುಳಿನ ತಜ್ಞರ ಮುಂದೆ ಇಡಿ, ಅದರ ಒಂದು ಪ್ರತಿಯನ್ನು ಪಶುವೈದ್ಯರಿಗೂ ಕೊಡಿ.